ಇಬ್ಬರ ಸಮಕ್ಷಮ

"ಹೋದ ವಾರ ತಾನೇ ಎಲ್ಲಾ ಬರ್ಕೊಂಡು ಹೋದ್ರಲ್ಲಮ್ಮ? ವಾರಕ್ಕೊಂದು ಹೊಸ ಕೋಣೆ ಎದ್ದೇಳೋಕೆ ನಮ್ಮನೆ ಏನು ಅಣಬೆಯಾ?" ಎಂದಳು ಮುದುಕಿ. ಆದರೂ ಕುರ್ಚಿಯನ್ನು ಅಂಗೈಯಿಂದ ಒರೆಸಿ ಮುಂದಕ್ಕೆ ತಳ್ಳಿದಳು. ಒರೆಸಿದ ಕಡೆ ಐದು ಬೆರಳಿನ ಗೆರೆ ಮೂಡಿತೇ ಹೊರತು ಕಲ್ಲುಪುಡಿ ಹೋಗಲಿಲ್ಲ.

"ಹೊಸದೇನೂ ಕೇಳಲ್ಲ ಅಜ್ಜಿ. ಅದೇ ಹನ್ನೆರಡು ಪ್ರಶ್ನೆ, ಇನ್ನೊಂದ್ಸಲ."

"ಯಾಕೆ, ಆ ಹುಡುಗಿಗೆ ಕಿವಿ ಕೇಳಿಸ್ಲಿಲ್ವಾ?"

ಗೋಡೆಗೆ ಒರಗಿ ಕೂತಿದ್ದ ಚಿಕ್ಕ ಮಗ ನಕ್ಕ. ಎಡಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ ಅವನು ಈ ವಾರ ಗಣಿಗೆ ಇಳಿದಿರಲಿಲ್ಲ. ಅವನಿಂದ ಮಾರು ದೂರದಲ್ಲಿ ಸೊಸೆ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಮಡಿಸುತ್ತಿದ್ದಳು. ಕೊಡವಿದಾಗಲೆಲ್ಲ ಬಾಗಿಲಿನ ಬಿಸಿಲಿನಲ್ಲಿ ಬಿಳಿ ಪುಡಿ ಎದ್ದು, ಸ್ವಲ್ಪ ಹೊತ್ತು ತೇಲಿ, ಮಡಿಸಿಟ್ಟ ಬಟ್ಟೆಗಳ ಮೇಲೆಯೇ ಬಂದು ಕೂರುತ್ತಿತ್ತು. ಅವಳ ಗಂಡ, ಮುದುಕಿಯ ಹಿರಿಮಗ, ಬೆಳಗಿನ ಪಾಳಿಗೆ ಹೋಗಿದ್ದ.

ಪ್ರಶ್ನೆ ಕೇಳಲು ಬಂದವಳನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಇನ್ನೊಂದ್ಸಲ ಅಕ್ಕ ಎಂದೇ. ಗಣತಿಯ ಹುಡುಗಿಯರು ನಲವತ್ತು ಮನೆ ಸುತ್ತಿ ಕಟ್ಟು ತಂದೊಪ್ಪಿಸಿದ ಮೇಲೆ, ಅದರಲ್ಲಿ ಐದು ಮನೆಗಳಿಗೆ ಹೋಗಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳುವುದು ಅಕ್ಕನ ಕೆಲಸ. ಒಂದು ಮನೆಯ ಉತ್ತರ ತಾಳೆಯಾಗದಿದ್ದರೆ ನಡೆಯುತ್ತದೆ. ಎರಡಾದರೆ ಕಟ್ಟು ರದ್ದು, ಬರೆದವಳು ಮನೆಗೆ. ರದ್ದಾದ ಜಾಗಕ್ಕೆ ಮತ್ತೆ ಯಾರನ್ನೂ ಕಳಿಸುವುದಿಲ್ಲ. ಪಕ್ಕದ ಭಾಗದ ಸರಾಸರಿಯನ್ನು ತಂದು ಅಲ್ಲಿಗೆ ತುಂಬಿಬಿಡುತ್ತಾರೆ.

ಈ ಗಣಿಸಾಲಿಗೆ ಪಕ್ಕದ ಭಾಗವೆಂದರೆ ಕಾಲುವೆ ಕಡೆ. ಕೂಲಿ ನೋಡಿದರೆ ಗಣಿಯವರೇ ಒಂದು ಕೈ ಮೇಲು. ಅದರಿಂದಾಗಿಯೇ ಕಚೇರಿ ಗೋಡೆಯ ನಕ್ಷೆಯಲ್ಲಿ ಇಷ್ಟು ವರ್ಷ ಈ ಭಾಗ ಹಸಿರಾಗಿ ಉಳಿದಿತ್ತು. ಹಸಿರು ಎಂದರೆ ಚೆನ್ನಾಗಿದ್ದಾರೆ, ಏನೂ ಬೇಕಾಗಿಲ್ಲ ಎಂದರ್ಥ. ಆದಾಯ ಒಂದನ್ನೇ ನೋಡಿದರೆ ಸಾಲದು, ನೀರು, ಒಲೆ, ಓದು, ಕೆಮ್ಮು, ಸಾವು ಎಲ್ಲವನ್ನೂ ಕೇಳಿ ಬನ್ನಿ ಎಂದು ಕೆಲವು ವರ್ಷದ ಹಿಂದೆ ಹನ್ನೆರಡು ಪ್ರಶ್ನೆಗಳನ್ನು ಮಾಡಿದ್ದು ಆ ಹಸಿರನ್ನು ಕೆರೆದು ನೋಡುವುದಕ್ಕೆ. ಆದರೂ ಹಸಿರು ಹೋಗಿರಲಿಲ್ಲ. ಕೆಂಪು ಬಿದ್ದರೆ ಒಂದು ನೀರಿನ ಕೊಳವೆ, ಒಬ್ಬ ವೈದ್ಯ ಬರುವುದುಂಟು. ಹೋದ ವಾರ ಇಲ್ಲಿಗೆ ಬಂದಿದ್ದ ಕನ್ನಡಕದ ಹುಡುಗಿ ಬರೆದು ತಂದ ಕಟ್ಟು ಉಳಿದರೆ ಗಣಿಸಾಲು ಕೆಂಪಾಗುವುದರಲ್ಲಿ ಅನುಮಾನವಿರಲಿಲ್ಲ. ನಲವತ್ತರಲ್ಲಿ ಹನ್ನೊಂದು ಮನೆಗಳಲ್ಲಿ ಅವಳು ಒಂಬತ್ತನೇ ಪ್ರಶ್ನೆಗೆ 'ಹೌದು' ಎಂದು ಗುರುತು ಹಾಕಿದ್ದಳು. ಕಳೆದ ಐದು ವರ್ಷಗಳಲ್ಲಿ ಈ ಮನೆಯ ಮಗು ಯಾವುದಾದರೂ ತೀರಿಕೊಂಡಿದೆಯೇ ಎಂಬುದು ಆ ಪ್ರಶ್ನೆ.

ಬೆಳಿಗ್ಗೆ ಎರಡು ಮನೆ ಮುಗಿದಿದ್ದವು. ಮೊದಲ ಮನೆಯಲ್ಲಿ ಗಂಡ, ಮಾವ ಇಬ್ಬರೂ ಒಂದೇ ಉಸಿರಿಗೆ "ಇಲ್ಲ" ಎಂದಿದ್ದರು. ಹುಡುಗಿಯ ಹಾಳೆಯಲ್ಲಿ 'ಹೌದು' ಇತ್ತು. ಅಕ್ಕ ಅಲ್ಲಿ ಒಂದು ತಪ್ಪು ಹಾಕಿಕೊಂಡು ಬಂದಿದ್ದಳು. ಎರಡನೆಯದು ಸರಿಹೋಯಿತು. ಇದು ಮೂರನೆಯ ಮನೆ.

ನಿನ್ನೆ ಸಂಜೆ ಕಚೇರಿಯ ಮೆಟ್ಟಿಲಲ್ಲಿ ಹುಡುಗಿ ಕಾದು ನಿಂತಿದ್ದಳು. "ಅಕ್ಕಾ, ಹೋಗ್ಬೇಡಿ ಅನ್ನಲ್ಲ. ಹೆಂಗಸ್ರು ಒಬ್ಬರೇ ಇದ್ದಾಗ ಕೇಳಿ, ಅಷ್ಟು ಸಾಕು."

"ಎರಡನೇ ಸಲ ಇಬ್ಬರು ದೊಡ್ಡವರ ಎದುರು ಕೇಳ್ಬೇಕು. ನಿಯಮ ಹಾಗಿದೆ."

"ಯಾರು ಮಾಡಿದ್ರೋ ಪುಣ್ಯಾತ್ಮರು! ಅವರು ಒಂದು ದಿನಾನೂ ಸೊಸೆಯಾಗಿ ಬಾಳಿಲ್ಲ ಅನ್ಸುತ್ತೆ."

ಆ ನಿಯಮ ಅಕ್ಕನದೇ. ಸೊಸೆಯಾಗಿ ಹನ್ನೊಂದು ತಿಂಗಳು ಬಾಳಿಯೂ ಇದ್ದಳು.

ಆರು ವರ್ಷದ ಹಿಂದೆ ಒಂದು ಮನೆಯವರು ಅವಳೆದುರು ಒಂದು ಹೇಳಿ, ಕಚೇರಿಯ ಸಾಹೇಬರೆದುರು ಇನ್ನೊಂದು ಹೇಳಿದ್ದರು. ಹೊಣೆ ಇವಳ ತಲೆಗೆ ಬಂತು. ಆ ಉರಿಯಲ್ಲಿ ಕೂತು ಅವಳು ಮೇಲಿನವರಿಗೆ ಒಂದು ಟಿಪ್ಪಣಿ ಬರೆದಳು. ಒಬ್ಬರೇ ಇರುವಾಗ ಜನ ಏನು ಬೇಕಾದರೂ ಹೇಳುತ್ತಾರೆ, ಇಬ್ಬರ ಸಮಕ್ಷಮ ಹೇಳಿಸಿ ಸಹಿ ಪಡೆದರೆ ಆ ಮಾತು ನಿಲ್ಲುತ್ತದೆ ಎಂದು. ಮುಂದಿನ ವರ್ಷದ ಕೈಪಿಡಿಯಲ್ಲಿ ಅದು ಹದಿನಾಲ್ಕನೇ ಕಲಮಾಗಿ ಅಚ್ಚಾಗಿ ಬಂತು. ಹೆಸರೇನೂ ಇರಲಿಲ್ಲ. ಆದರೆ ವಾಕ್ಯ ಅವಳದೇ, ಅಲ್ಪವಿರಾಮ ಕೂಡ ಇಟ್ಟ ಕಡೆಯೇ ಇತ್ತು. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ. ಕಿಟಕಿಗೆ ಯಾವ ಬಣ್ಣದ ಪರದೆ ಹಾಕಬೇಕೆಂದು ಕೂಡ ಆ ಮನೆಯಲ್ಲಿ ಅವಳನ್ನು ಯಾರೂ ಕೇಳಿದವರಲ್ಲ. ಅಂಥವಳ ಒಂದು ಸಾಲನ್ನು ನಾಲ್ಕು ದಿಕ್ಕಿನ ಕಚೇರಿಗಳವರೂ ಪಾಲಿಸುತ್ತಾರೆಂಬುದು ಅವಳಿಗೆ ಒಳಗೇ ಇಟ್ಟುಕೊಂಡ ಬೆಲ್ಲದ ಚೂರಿನಂತಿತ್ತು. ಕೈಪಿಡಿಯ ಆ ಪುಟವನ್ನು ಬಿಡಿಸಿ ಬಟ್ಟೆಗಳ ನಡುವೆ ಇಟ್ಟುಕೊಂಡಿದ್ದಳು.

"ಶುರು ಮಾಡಮ್ಮ, ಹಾಲಿಗೆ ಹೋಗ್ಬೇಕು ನಾನು," ಎಂದಳು ಮುದುಕಿ.

"ನೆಲ?"

"ನೀವು ಕಾಲಿಟ್ಟಿರೋದು."

"ಮಣ್ಣು," ಎಂದು ಅಕ್ಕ ಬರೆದುಕೊಂಡಳು. "ನೀರಿಗೆ ಎಷ್ಟು ದೂರ?"

"ಹೋಗೋವಾಗ ಹತ್ತಿರ. ಬರೋವಾಗ ದೂರ."

"ನಿಮಿಷದಲ್ಲಿ ಹೇಳಿ ಅಜ್ಜಿ."

"ಅದನ್ನ ಹೊರೋಳನ್ನ ಕೇಳಿ." ಮುದುಕಿ ಸೊಸೆಯತ್ತ ಗದ್ದ ತೋರಿಸಿದಳು. ಸೊಸೆ ತಲೆಯೆತ್ತದೆ, "ನಲವತ್ತು. ಸಾಲು ಜಾಸ್ತಿ ಇದ್ರೆ ಒಂದು ಗಂಟೆ," ಎಂದಳು.

"ಮನೇಲಿ ಐದನೇ ಕ್ಲಾಸು ಮುಗಿಸಿದವರು?"

"ನಾನೇ," ಎಂದ ಚಿಕ್ಕ ಮಗ, ಪಟ್ಟಿ ಕಟ್ಟಿದ ಕೈ ಎತ್ತಿ. "ಆರನೇದಕ್ಕೂ ಎರಡು ತಿಂಗಳು ಹೋಗಿದ್ದೆ. ಮೇಷ್ಟ್ರು ಬರೋದು ಬಿಟ್ರು, ನಾನೂ ಬಿಟ್ಟೆ."

"ಓದಿರೋನು ಅಂತಾನೇ ಕಾಲುವೆ ಕಡೆಯೋರು ಹೆಣ್ಣು ಕೊಡೋಕೆ ಒಪ್ಪಿರೋದು," ಎಂದಳು ಮುದುಕಿ. ಧ್ವನಿಯಲ್ಲಿ ಮೊದಲ ಸಲ ಸಿಡುಕು ಇಳಿದಿತ್ತು. "ಮುಂದಿನ ತಿಂಗಳು ಮದುವೆ. ಈ ಸಾಲಿಗೆ ಕಾಲುವೆ ಕಡೆ ಹುಡುಗಿ ಬಂದು ಎಷ್ಟು ವರ್ಷ ಆಯ್ತು ಗೊತ್ತಾ? ನನ್ನ ತಲೆಗೂದ್ಲು ಕಪ್ಪಗಿತ್ತು ಆಗ. ಗಣಿಯೋರ ಮನೇಲಿ ದುಡ್ಡಿರುತ್ತೆ, ಮಕ್ಕಳು ಇರಲ್ಲ ಅಂತಾರೆ ಅವರು. ಬಾಯಿಗೆ ಬಂದಂಗೆ ಆಡ್ತಾರೆ."

ಎದುರು ಮನೆಯ ಜಗುಲಿಯಲ್ಲಿ ಕಾಳು ಆರಿಸುತ್ತಿದ್ದ ಹೆಂಗಸು ತಲೆಯೆತ್ತಿ ಇತ್ತ ನೋಡಿದಳು. ಮುದುಕಿ ತಗ್ಗಿದ ದನಿಯಲ್ಲಿ, "ಮದುವೆ ಹುಡುಗಿಯ ಚಿಕ್ಕಮ್ಮ, ಮೊನ್ನೆ ಕಾಲುವೆ ಕಡೆಯಿಂದ ಬಂದು ಇಳ್ಕೊಂಡಿದ್ದಾರೆ," ಎಂದಳು.

ಅಕ್ಕ ಹಾಳೆ ತಿರುವಿದಳು. ಹೋದ ವಾರದ ಹಾಳೆ ಕೆಳಗಿತ್ತು. ಒಂಬತ್ತನೇ ಪ್ರಶ್ನೆಯ ಪಕ್ಕ ಹುಡುಗಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದಳು: ಹೆಣ್ಣು, ಎಂಟು ತಿಂಗಳು, ಉಸಿರಾಟ, ಹೋದ ಬೇಸಿಗೆ.

"ಐದು ವರ್ಷದೊಳಗೆ ಈ ಮನೇಲಿ ಮಗು ಏನಾದ್ರೂ ತೀರಿಕೊಂಡಿದ್ಯಾ?"

ಬಟ್ಟೆ ಕೊಡವುವ ಸದ್ದು ನಿಂತಿತು.

"ಥೂ, ಎಂಥಾ ಮಾತು ಕೇಳ್ತೀರಮ್ಮ ಹೊಸ್ತಿಲಲ್ಲಿ ಕೂತು!" ಮುದುಕಿಯ ಗಂಟಲು ಎದುರು ಮನೆಗೆ ಕೇಳುವಷ್ಟು ಏರಿತು. "ಇಲ್ಲ. ನಮ್ಮನೇಲಿ ಅಂಥದ್ದೇನೂ ಆಗಿಲ್ಲ."

ಚಿಕ್ಕ ಮಗ ತನ್ನ ಬೆರಳಿನ ಪಟ್ಟಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. "ಇಲ್ಲ," ಎಂದ, ಗಂಟಿಗೆ ಹೇಳುವಂತೆ.

ಅಕ್ಕ ಸೊಸೆಯನ್ನು ನೋಡಿದಳು. ಅವಳು ಒಂದು ಅಂಗಿಯನ್ನು ಮಡಿಸುತ್ತಿದ್ದಳು. ತೋಳನ್ನು ಒಳಗೆ ಮಡಿಸಿ, ಹೊರಗೆ ತೆಗೆದು, ಮತ್ತೆ ಒಳಗೆ ಮಡಿಸಿದಳು. ಬೆಳಗಿನ ಮೊದಲ ಮನೆಯ ಹೆಂಡತಿಯೂ ಹೀಗೆಯೇ ಏನೋ ಮಾಡುತ್ತಿದ್ದಳು. ಪಾತ್ರೆ ಉಜ್ಜುತ್ತಿದ್ದಳೇ? ಅಕ್ಕ ಅವಳ ಮುಖ ನೋಡಿರಲಿಲ್ಲ. ಗಂಡಸರ ಸಹಿ ಎಲ್ಲಿ ಬೀಳಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದಳು.

ಅದಕ್ಕೂ ಹಿಂದಿನ ಮನೆಗಳು ನೆನಪಿಗೆ ಬರತೊಡಗಿದವು. ಐದು ವರ್ಷ. ಒಂಬತ್ತನೇ ಪ್ರಶ್ನೆಯಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ ಹುಡುಗಿಯರು ನಾಲ್ವರು. ಅದರಲ್ಲೊಬ್ಬಳು ಈಗ ಪೇಟೆಯಲ್ಲಿ ಔಷಧಿ ಅಂಗಡಿಯ ಹಿಂದೆ ಬಾಟಲಿ ತೊಳೆಯುತ್ತಾಳೆ. ಕಂಡಾಗಲೆಲ್ಲ ಅಕ್ಕ, ಸುಳ್ಳು ಬರೆದರೆ ಇನ್ನೇನಾಗುತ್ತೆ ಎಂದುಕೊಂಡು ಬೇರೆ ರಸ್ತೆ ಹಿಡಿಯುತ್ತಿದ್ದಳು. ನಾಲ್ವರೂ ಗಣಿ ಕಡೆಗೆ ಹೋಗಿದ್ದವರು ಎಂಬುದು ಇಷ್ಟು ದಿನ ಅವಳಿಗೆ ಹೊಳೆದಿರಲೇ ಇಲ್ಲ.

"ಒಲೆ ನೋಡ್ಬೇಕು," ಎಂದು ಎದ್ದಳು. "ಕಣ್ಣಾರೆ ನೋಡಿ ಬರೀಬೇಕು ಅಂತಿದೆ."

"ಒಲೆ ಏನು ಓಡಿಹೋಗಿದ್ಯಾ? ತೋರ್ಸೇ ಅವರಿಗೆ," ಎಂದು ಮುದುಕಿ ಸೊಸೆಗೆ ಹೇಳಿದಳು.

ಅಡುಗೆಮನೆ ಎಂದರೆ ಹಿಂದಿನ ಗೋಡೆಗೆ ತಗಡು ಇಳಿಸಿ ಮಾಡಿಕೊಂಡ ಮರೆ. ಇಬ್ಬರು ನಿಂತರೆ ಮೊಣಕೈ ತಾಗುತ್ತಿತ್ತು. ತಗಡಿನ ಸಂದಿಯಲ್ಲಿ ಗಣಿಯ ಬಿಳಿ ಗೋಡೆ, ಅದರ ಮೇಲೆ ಇರುವೆಗಳಂತೆ ಜನ ಕಾಣುತ್ತಿದ್ದರು. ನೀರಿನ ಮಡಕೆಯ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿತ್ತು, ಬಟ್ಟೆ ಮೇಲೆ ಹಿಟ್ಟು ಜರಡಿ ಹಿಡಿದಂತೆ ಪುಡಿ.

"ಹೋದ ವಾರ ನೀವು ಹೌದು ಅಂದಿದ್ರಿ," ಎಂದಳು ಅಕ್ಕ ಪಿಸುಮಾತಿನಲ್ಲಿ.

ಸೊಸೆ ಒಲೆಯ ಬೂದಿಯನ್ನು ಕಡ್ಡಿಯಿಂದ ಎಳೆಯುತ್ತಾ ಕೂತಳು. "ಆ ಹುಡುಗಿ ಒಬ್ಬಳೇ ಬಂದಿದ್ಲು. ಬಟ್ಟೆ ಒಗೀತಿದ್ದೆ, ಅವಳೂ ಪಕ್ಕದಲ್ಲಿ ಕೂತು ಎರಡು ಬಟ್ಟೆ ಹಿಂಡಿದ್ಲು. ಹೇಳ್ಬಿಟ್ಟೆ. ಮಗು ಹೋದ ಮೇಲೆ ಯಾರೂ ಕೇಳಿರ್ಲಿಲ್ಲ ನೋಡಿ."

"ಈಗ್ಲೂ ಹೇಳಿ. ಅವರ ಮುಂದೆ ಒಂದು ಮಾತು."

"ಯಾಕೆ? ಒಂದ್ಸಲ ಹೇಳಿದ್ದು ಸಾಲ್ದಾ?"

"ಸಾಲಲ್ಲ. ಎರಡು ಸಲ ಒಂದೇ ಥರ ಇರ್ಬೇಕು."

"ಓ." ಅವಳು ತಲೆಯೆತ್ತಿದಳು. ಹದಿನೆಂಟೋ ಮೂವತ್ತೋ ಹೇಳಲಾಗದ ಮುಖ. "ಅಂದ್ರೆ ಎರಡನೇ ಸಲ ಹೇಳಿದ್ರೆ ಮಾತ್ರ ಅದು ಸತ್ತಿದ್ದು ನಿಜ."

ಅಕ್ಕ ಕಚೇರಿಯಲ್ಲಿ ಹೇಳುವಂತೆ ಹೇಳಿದಳು: "ನೀವು ಹೇಳಿದ್ರೆ ಈ ಕಡೆಗೆ ನೀರು ಬರಬಹುದು. ಡಾಕ್ಟರು ಬರಬಹುದು."

"ಯಾವಾಗ?"

"ಅದು... ಹೇಳೋಕಾಗಲ್ಲ. ಎರಡು ವರ್ಷ, ಮೂರು ವರ್ಷ."

"ಮದುವೆ ಮುಂದಿನ ತಿಂಗಳು," ಎಂದಳು ಸೊಸೆ. ಕಡ್ಡಿಯನ್ನು ಒಲೆಯೊಳಗೆ ಎಸೆದಳು. "ಈ ಸಂಬಂಧ ಮುರಿದ್ರೆ ಅತ್ತೆ ಜೀವನಪೂರ್ತಿ ನನ್ನ ಮುಖ ನೋಡಲ್ಲ. ಅವರು ಕೆಟ್ಟವರಲ್ಲ. ಮಗೂನ ಎತ್ತಿಕೊಂಡು ಪೇಟೆ ಆಸ್ಪತ್ರೆಗೆ ಓಡಿದ್ದು ಅವರೇ. ಅರ್ಧ ದಾರೀಲಿ ಹೋಯ್ತು. ಹಂಗೇ ಎತ್ತಿಕೊಂಡು ವಾಪಸ್ ನಡ್ಕೊಂಡು ಬಂದ್ರು, ಇನ್ನೂ ಇದೆ ಅನ್ನೋ ಹಂಗೆ ಬೆನ್ನು ತಟ್ಟಿಕೊಂಡು. ಈಗ ಇಲ್ಲ ಅಂತಾರೆ. ಅವರಿಗೆ ಸುಲಭ ಅಂದ್ಕೊಂಡ್ರಾ?"

ಹೊರಗಿನಿಂದ ಮುದುಕಿ ಕೂಗಿದಳು. "ಒಲೆ ನೋಡೋಕೆ ಎಷ್ಟು ಹೊತ್ತು? ಅಡುಗೆ ಮಾಡಿ ಉಂಡು ಬರ್ತೀರಾ ಏನು?"

"ಹೆಸರಿಟ್ಟಿದ್ರಾ?" ಎಂದು ಅಕ್ಕ ಕೇಳಿಬಿಟ್ಟಳು.

"ಅದು ನಿಮ್ಮ ಹಾಳೇಲಿದ್ಯಾ?"

"ಇಲ್ಲ."

"ಹಂಗಾದ್ರೆ ಬಿಡಿ. ಇಲ್ಲ ಅಂತ್ಲೇ ಬರ್ಕೊಳ್ಳಿ. ನಂಗೆ ಗೊತ್ತಿದ್ರೆ ಸಾಕು."

ಅಕ್ಕ ಹೊರಗೆ ಬಂದು ಕೂತಳು. ಉಳಿದ ಪ್ರಶ್ನೆಗಳನ್ನು ಕೇಳಿದ್ದು, ಮುದುಕಿ ಉತ್ತರ ಕೊಟ್ಟದ್ದು ಎಲ್ಲೋ ದೂರದಲ್ಲಿ ನಡೆದಂತಿತ್ತು. ಒಂಬತ್ತನೇ ಚೌಕ ಇನ್ನೂ ಖಾಲಿ ಇತ್ತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವಳು ಕಿವಿಗೆ ಬೀಳದ ಒಂದೇ ಒಂದು ಉತ್ತರವನ್ನೂ ಬರೆದವಳಲ್ಲ. ತಮ್ಮನ ಹೆಂಡತಿ ಒಮ್ಮೆ, "ನಿಮ್ಮಕ್ಕ ಸ್ವರ್ಗಕ್ಕೆ ಹೋದ್ರೂ ಅಲ್ಲಿ ಎಷ್ಟು ಕಿಟಕಿ ಇದೆ ಅಂತ ಎಣಿಸ್ತಾರೆ" ಎಂದು ನಗಾಡಿದ್ದು ಅವಳಿಗೆ ಹೊಗಳಿಕೆಯಂತೆ ಕೇಳಿಸಿತ್ತು. ಕಿವಿಗೆ ಬಿದ್ದದ್ದು 'ಇಲ್ಲ'. ಕನ್ನಡಕದ ಹುಡುಗಿ, ನೀರು, ಹನ್ನೊಂದು ಮನೆಗಳ ಹನ್ನೊಂದು ಮಕ್ಕಳು ಎಲ್ಲ ಆ ಚೌಕದ ಆಚೆ ಇದ್ದರು.

ಅವಳು 'ಹೌದು' ಕಡೆ ಗುರುತು ಹಾಕಿದಳು.

"ಇಲ್ಲಿ ಸಹಿ," ಎಂದು ಹಾಳೆಯನ್ನು ಮುದುಕಿಯತ್ತ ಚಾಚಿದಳು. ಮುದುಕಿ ಹೆಬ್ಬೆರಳನ್ನು ಮಸಿಗೆ ಒತ್ತಿ, ಎಲ್ಲಿ ಎಂದು ಕೂಡ ನೋಡದೆ, ತೋರಿಸಿದ ಕಡೆ ಊರಿದಳು. ಬೆರಳನ್ನು ನೆಲಕ್ಕೆ ಒರೆಸಿಕೊಂಡಳು.

"ನೀನೂ ಹಾಕಪ್ಪ."

ಚಿಕ್ಕ ಮಗ ಪೆನ್ನು ತೆಗೆದುಕೊಂಡ. ಆದರೆ ಸಹಿ ಹಾಕಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನ ಸಾಲಿಗೆ ಪಟ್ಟಿಯ ಬೆರಳಿಟ್ಟ. ಓದು ಬಿಟ್ಟು ಎಷ್ಟೋ ವರ್ಷವಾದವನಿಗೆ ಇಂಥ ಹಾಳೆ ಕೈಗೆ ಸಿಕ್ಕಿದ್ದು ಅಪರೂಪ. ತುಟಿ ಅಲುಗಿಸುತ್ತಾ ಒಂದೊಂದೇ ಅಕ್ಷರ ಕೂಡಿಸಿಕೊಂಡು ಇಳಿದ. "ನೆ-ಲ... ಮಣ್ಣು. ಸರಿ. ನೀ-ರು... ನಲವತ್ತು. ಸರಿ."

"ಬೇಗ ಹಾಕೋ, ಅವರಿಗೂ ಕೆಲಸ ಇದೆ," ಎಂದಳು ಮುದುಕಿ.

"ಇರಮ್ಮ, ಓದದೆ ಹೆಂಗೆ ಸಹಿ ಹಾಕೋದು?" ಬೆರಳು ಐದಕ್ಕೆ, ಆರಕ್ಕೆ, ಎಂಟಕ್ಕೆ ಇಳಿಯಿತು. ಅಕ್ಕ ಆ ಬೆರಳನ್ನೇ ನೋಡುತ್ತಿದ್ದಳು. ಸಾಕ್ಷಿಗಳು ಸಹಿಗೆ ಮುನ್ನ ಎಲ್ಲ ಉತ್ತರಗಳನ್ನೂ ಓದಿಕೊಳ್ಳತಕ್ಕದ್ದು ಎಂದೂ ತಾನೇ ಬರೆದಿದ್ದಳು. ಓದುವವರು ಒಬ್ಬರೂ ಈವರೆಗೆ ಸಿಕ್ಕಿರಲಿಲ್ಲ.

"ಒಂಬತ್ತು... ಮಗು..." ಅವನ ತುಟಿ ನಿಂತಿತು. "ಇದು ಹೌದು ಕಡೆ ಬಿದ್ದಿದ್ಯಲ್ಲ?"

ಎದುರು ಜಗುಲಿಯ ಹೆಂಗಸಿನ ಕೈ ಕಾಳಿನ ಮೇಲೆ ಹಾಗೇ ನಿಂತಿತು.

"ಕೈತಪ್ಪಿತು," ಎಂದಳು ಅಕ್ಕ.

"ಕೈತಪ್ಪೋದಕ್ಕೆ ಅದೇ ಜಾಗ ಸಿಕ್ತಾ?" ಮುದುಕಿಯ ದನಿ ಈಗ ಏರಲಿಲ್ಲ, ಒಡೆಯಿತು. ಅವಳು ತನ್ನ ಮಸಿ ಮೆತ್ತಿದ ಹೆಬ್ಬೆರಳನ್ನು ನೋಡಿಕೊಂಡಳು. "ನನ್ನ ಕೈಲಿ ಒತ್ತಿಸಿಕೊಂಡ್ರಲ್ಲ ಅದರ ಕೆಳಗೆ. ಓದೋಕೆ ಬರಲ್ಲ ಅಂತ ಗೊತ್ತಿದ್ದೂ."

ಅಡುಗೆಮನೆಯ ಮರೆಯಲ್ಲಿ ಸೊಸೆ ನಿಂತಿದ್ದಳು. ಅವಳ ನೋಟದಲ್ಲಿ ಕೃತಜ್ಞತೆ ಇರಬಹುದೆಂದು ಅಕ್ಕ ಒಂದು ಗಳಿಗೆ ಹುಡುಕಿದಳು. ಇರಲಿಲ್ಲ. ಮನೆಯೊಳಗಿನದೇನನ್ನೋ ಕೇಳದೆ ಎತ್ತಿ ಚೀಲಕ್ಕೆ ಹಾಕಿಕೊಂಡವಳನ್ನು ಬಾಗಿಲಲ್ಲಿ ಹಿಡಿದಾಗ ನೋಡುವಂತೆ ನೋಡುತ್ತಿದ್ದಳು.

"ಸರಿ ಮಾಡಿ ಕೊಡಿ ಮೇಡಂ, ಆಮೇಲೆ ಹಾಕ್ತೀನಿ," ಎಂದ ಚಿಕ್ಕ ಮಗ, ಸಂಕೋಚದಿಂದ.

ಅಕ್ಕ 'ಹೌದು' ಮೇಲೆ ಗೆರೆ ಎಳೆದಳು. 'ಇಲ್ಲ' ಕಡೆ ಗುರುತು ಹಾಕಿದಳು. ತಿದ್ದಿದ ಕಡೆ ತನ್ನ ಚಿಕ್ಕ ಸಹಿ, ಅದರ ಪಕ್ಕ ಅವನ ಸಹಿ. ಮುದುಕಿ ಮತ್ತೊಮ್ಮೆ ಬೆರಳೊತ್ತುವ ಮುನ್ನ ಮಗನತ್ತ ನೋಡಿದಳು. ಅವನು ತಲೆಯಾಡಿಸಿದ ಮೇಲೆ ಒತ್ತಿದಳು. ಎರಡನೆಯ ತಪ್ಪು ಹೀಗೆ ಮೂವರ ಸಮ್ಮತಿಯೊಂದಿಗೆ, ತಿದ್ದುಪಡಿ ಸಮೇತ, ಯಾರೂ ಪ್ರಶ್ನಿಸಲಾಗದಂತೆ ಬಿತ್ತು. ತಿದ್ದಿದ ಹಾಳೆಯನ್ನು ಸಾಹೇಬರು ಬೇರೆ ತೆಗೆದಿಡುತ್ತಾರೆ. ಬೆಳಕಿಗೆ ಹಿಡಿದು, ಹುಡುಗಿಯರು ನಿಮಗೂ ಏನಾದ್ರೂ ಹೇಳಿಕೊಟ್ರಾ ಎಂದು ನಗುತ್ತಾ ಕೇಳುತ್ತಾರೆ. ಹುಡುಗಿಗೆ ಸೋಮವಾರ ಕಾಗದ ಹೋಗುತ್ತದೆ. ಗಣಿಸಾಲಿಗೆ ಕಾಲುವೆ ಕಡೆಯ ಸರಾಸರಿ ಬರುತ್ತದೆ, ಅಲ್ಲಿನ ನೀರು, ಅಲ್ಲಿನ ಶಾಲೆ, ಅಲ್ಲಿ ಬದುಕುಳಿದ ಮಕ್ಕಳು ಸಮೇತ.

ಅಕ್ಕ ಎದ್ದು ನಿಂತಾಗ ಮುದುಕಿ ಹಿಂದೆಯೇ ಅಂಗಳದವರೆಗೆ ಬಂದಳು. ಎದುರು ಮನೆಯತ್ತ ಬೆನ್ನು ಮಾಡಿ ನಿಂತು, ತುಟಿ ಅಲುಗಿಸದೆ, "ಆ ಹುಡುಗಿಗೆ ಹೇಳಿ, ಬೇಜಾರು ಮಾಡ್ಕೋಬಾರ್ದು," ಎಂದಳು. "ಒಳ್ಳೆ ಹುಡುಗಿ. ಬಟ್ಟೆ ಹಿಂಡಿಕೊಟ್ಲಂತೆ." ಆಮೇಲೆ ಎಲ್ಲರಿಗೂ ಕೇಳುವಂತೆ, "ಇನ್ನೊಂದ್ಸಲ ಬರೋ ಹಂಗಿದ್ರೆ ಮದುವೆ ಮುಗಿದ ಮೇಲೆ ಬನ್ನಿ!" ಎಂದು ಕೂಗಿ ಒಳಗೆ ಹೋದಳು.

ಕಟ್ಟು ರದ್ದಾದರೂ ಉಳಿದೆರಡು ಮನೆಗಳನ್ನು ಮುಗಿಸಲೇಬೇಕು. ಅಕ್ಕ ಸಾಲಿನ ಕೊನೆಗೆ ನಡೆದಳು. ಮನೆಯ ಸಂಖ್ಯೆಯನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು, ಹುಡುಗಿಯ ದುಂಡು ಅಕ್ಷರ. ಅವಳು ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ಮನೆಯ ಯಜಮಾನ, ಅವನ ಅಣ್ಣ ಇಬ್ಬರೂ ಕೂದಲು ಬಾಚಿಕೊಂಡು, ಹೊರಗೆ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು.

"ಬನ್ನಿ ಬನ್ನಿ. ಇಬ್ಬರು ಬೇಕಂತಲ್ಲ, ಇದ್ದೀವಿ," ಎಂದ ಯಜಮಾನ.

"ನಿಮ್ಮ ಹೆಂಡ್ತಿ?"

"ಅವಳ್ಯಾಕೆ? ನಾವೇ ಎಲ್ಲಾ ಹೇಳ್ತೀವಿ."

ಮನೆಯ ಪಕ್ಕದ ಓಣಿಯಿಂದ ಒಬ್ಬ ಹೆಂಗಸು, ಅವನ ಹೆಂಡತಿಯೇ ಇರಬೇಕು, ಹೊರಬಂದಳು. ಬಗಲಲ್ಲಿ ಹಳದಿ ಪ್ಲಾಸ್ಟಿಕ್ ಕ್ಯಾನು. ಅಕ್ಕನನ್ನು ಒಮ್ಮೆ ನೋಡಿ, ಬೇಗಬೇಗ ನಲ್ಲಿಯ ದಾರಿ ಹಿಡಿದಳು. ನಲ್ಲಿಗೆ ನೀರು ಬಿಡುವುದು ಸಂಜೆ ಐದಕ್ಕೆ. ಈಗಿನ್ನೂ ಹನ್ನೆರಡೂ ಆಗಿರಲಿಲ್ಲ. ಖಾಲಿ ಕ್ಯಾನು ಅವಳ ಸೊಂಟಕ್ಕೆ ಬಡಿದು ಬಡಿದು ಆಗುವ ಸದ್ದು ಬಿಳಿ ರಸ್ತೆಯ ತುದಿಯವರೆಗೂ ಕೇಳಿಸುತ್ತಿತ್ತು.